ಟವೆಲ್ಲಿನ ಹಿಂದಿನ ಆದಿಮಾನವ

ಮಾನ್ವಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದಷ್ಟು ವರ್ಷವೂ ನಾನು ಬೆಳಗಿನ ಗಂಟೆಯನ್ನು ಐದಕ್ಕೆ ಬಾರಿಸಿದ್ದೇನೆ. ಐದು ಗಂಟೆ ಒಂದು ನಿಮಿಷಕ್ಕೆ ಅಲ್ಲ, ಐದಕ್ಕೆ. ರಾಯಚೂರಿನ ನಮ್ಮ ತವರುಮನೆಯಲ್ಲಿ ಅಪ್ಪ ದೇವರಿಗೆ ದೀಪ ಹಚ್ಚಿ, ಬಳಿಕ ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಎರಡರಲ್ಲಿ ಯಾವುದು ದೊಡ್ಡ ಪೂಜೆ ಎಂದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಅಂಥ ಮನೆಯಿಂದ ಬಂದವಳ ಕೈಗೆ ನಲವತ್ತು ಹುಡುಗಿಯರು, ಎರಡು ನಳ, ಒಂದು ಗಂಟೆ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಹಲ್ಲುಜ್ಜುವುದಕ್ಕೂ ನನ್ನ ಹತ್ತಿರ ವೇಳಾಪಟ್ಟಿ ಇತ್ತು.

ಎಂಬತ್ತರ ದಶಕದ ನಡುವೆ ಒಂದು ಸುತ್ತೋಲೆ ಬಂತು. ಮಕ್ಕಳಿಗೆ ಪಾಠವನ್ನು ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಕಲಿಸಬೇಕಂತೆ. ಅಲ್ಲಿಯವರೆಗೆ ನಾವು ಮೂಗಿನಿಂದ ಕಲಿಸುತ್ತಿದ್ದೆವೆಂದು ಮೇಲಿನವರು ತಿಳಿದಿದ್ದರೇನೋ. ಆದರೆ ಸುತ್ತೋಲೆ ಎಂದರೆ ನನಗೆ ವೇದವಾಕ್ಯ. ಹಗಲು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದವಳೂ ನಾನೇ. ಆ ತಿಂಗಳ ಪಾಠ ಆದಿಮಾನವ. ರಾಯಚೂರಿನಲ್ಲಿ ಆಗ ಓಣಿಗೊಂದು ವಿಡಿಯೊ ಲೈಬ್ರರಿ ಹುಟ್ಟಿತ್ತು. ಅಂಥ ಒಂದಕ್ಕೆ ಕಾಗದ ಬರೆದೆ: ಆದಿಮಾನವನ ಆಹಾರ, ವಸತಿ ಮತ್ತು ಉಡುಪನ್ನು ಕುರಿತ ಕ್ಯಾಸೆಟ್ಟನ್ನು ಟಿ.ವಿ., ವಿ.ಸಿ.ಆರ್. ಸಮೇತ ಭಾನುವಾರ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕಳಿಸತಕ್ಕದ್ದು.

ಅದೇ ಭಾನುವಾರ ನಾಲ್ಕಕ್ಕೆ ಇನ್ನೊಂದು ಕೆಲಸವಿತ್ತು. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯ ಕಡೆಯ ಒಬ್ಬ ಹುಡುಗಿ ನಮ್ಮಲ್ಲಿ ಒಂಬತ್ತನೆಯ ತರಗತಿಗೆ ಆಗಷ್ಟೇ ಕಾಲಿಟ್ಟಿದ್ದಳು. ತಂದೆ ಕಲ್ಲು ಒಡೆಯುವ ಕೆಲಸದವನು. ತಾಯಿ ಇರಲಿಲ್ಲ. ಲೆಕ್ಕದಲ್ಲಿ ಆಕೆಯನ್ನು ಮೀರಿಸುವವರು ಹಾಸ್ಟೆಲಿನಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಆಕೆಗಿಂತ ಕೆಳಗಿನವರೂ ಇರಲಿಲ್ಲ. ಆ ವಾರ ತಂದೆಯ ಹೆಸರಿನಲ್ಲಿ ಯಾರೋ ಬರೆದುಕೊಟ್ಟ ಪೋಸ್ಟ್‌ಕಾರ್ಡು ಬಂದಿತ್ತು. ಹುಡುಗಿಯನ್ನು ಸೋದರತ್ತೆಯ ಮಗನಿಗೆ ಕೊಡುವುದು ನಿಶ್ಚಯವಾಗಿದೆ, ಭಾನುವಾರ ಅಕ್ಕನ ಸಂಗಡ ಬಂದು ಕರೆದೊಯ್ಯುತ್ತೇನೆ, ಟಿ.ಸಿ. ತಯಾರಿಡಿರಿ. ಹುಡುಗಿ ಅಳಲಿಲ್ಲ. ಟ್ರಂಕಿನಲ್ಲಿದ್ದ ಪುಸ್ತಕಗಳನ್ನೆಲ್ಲ ಹೊರಗೆ ತೆಗೆದು ಒಂದೊಂದಕ್ಕೂ ಹೊಸ ರಟ್ಟು ಹಾಕತೊಡಗಿದಳು. ಮೂರು ದಿನದಲ್ಲಿ ಬಿಟ್ಟುಹೋಗುವ ಪುಸ್ತಕಗಳಿಗೆ.

ತಂದೆಗೆ ಬುದ್ಧಿ ಹೇಳಲು ನಾನು ಐದು ಅಂಶಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡೆ. ಒಂದಕ್ಕೆ ಹತ್ತು ನಿಮಿಷ. ಎರಡರಿಂದ ಮೂರೂವರೆ ಸಿನಿಮಾ, ಮೂರೂವರೆಯಿಂದ ನಾಲ್ಕು ಪ್ರಶ್ನೋತ್ತರ, ನಾಲ್ಕರಿಂದ ಐದು ಆ ತಂದೆ. ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾದ ಭಾನುವಾರವನ್ನು ಮಾನ್ವಿ ಹಿಂದೆಂದೂ ಕಂಡಿರಲಿಲ್ಲ.

ವಿಡಿಯೊದ ಆಪರೇಟರ್ ಒಂದೂವರೆಗೆ ಟಂಟಂ ಆಟೋದಿಂದ ಇಳಿದ. ಕಪ್ಪು ಕನ್ನಡಕ, ಬೀಡಿ, ಹೆಗಲ ಮೇಲೊಂದು ಹಸಿರು ಟವೆಲ್.

"ನಮಸ್ಕಾರ್ರೀ ಅಕ್ಕೋರ. ನೀವು ಬರದಿದ್ದೇ ತಂದೀನಿ. ಪೂರಾ ಆದಿಮಾನವ. ಒಬ್ಬನೂ ಪ್ಯಾಂಟು ಹಾಕಿಲ್ಲ."

"ಯಾವ ಟಾಕೀಸಿನಲ್ಲಿ ಬಂದಿತ್ತು?"

"ಟಾಕೀಸಿಗೇ ಬಂದಿಲ್ರೀ ಇದು. ಡೈರೆಕ್ಟ್ ಕ್ಯಾಸೆಟ್ಟಿನ್ಯಾಗ ರಿಲೀಸ್ ಆಗೇದ. ಫಾರಿನ್ ಮಾಲು."

ಜಗತ್ತಿನ ಯಾವ ಟಾಕೀಸೂ ಬಾಗಿಲು ತೆರೆಯದ ಚಿತ್ರ ಎಂಬುದನ್ನು ಅವನು ಪದವಿಯಂತೆ ಹೇಳಿದ. ನಾನೂ ಪದವಿಯಂತೆ ಕೇಳಿಸಿಕೊಂಡೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಚರ್ಮ ಸುತ್ತಿಕೊಂಡ ಒಬ್ಬ ಬಡಕಲು ಗಂಡಸು ದೈತ್ಯ ಓತಿಕ್ಯಾತದ ಬೆನ್ನೇರಿ ಹಲ್ಲು ಕಿರಿಯುತ್ತಿದ್ದ. ಮನುಷ್ಯನೂ ಆ ಪ್ರಾಣಿಗಳೂ ಒಂದೇ ಕಾಲದಲ್ಲಿ ಇರಲಿಲ್ಲ ಎಂಬ ವಿಷಯವನ್ನು ಪ್ರಶ್ನೋತ್ತರದಲ್ಲಿ ಸೇರಿಸಲು ಗುರುತು ಹಾಕಿಕೊಂಡೆ.

ಎರಡಕ್ಕೆ ಸರಿಯಾಗಿ ಊಟದ ಕೋಣೆಯಲ್ಲಿ ನಲವತ್ತು ಹುಡುಗಿಯರು ಸಾಲಾಗಿ ಕುಳಿತರು. ಎರಡಕ್ಕೆ ಸರಿಯಾಗಿ ಆಪರೇಟರ್ ಸ್ವಿಚ್ ಒತ್ತಿದ. ಎರಡಕ್ಕೆ ಸರಿಯಾಗಿ ಕರೆಂಟು ಹೋಯಿತು. ನಮ್ಮ ಊರಿನ ಕರೆಂಟಿಗೂ ಒಂದು ಶಿಸ್ತಿತ್ತು. ಮರಳಿ ಬಂದದ್ದು ಮೂರೂ ಹತ್ತಕ್ಕೆ.

ಶುರುವಾಗುವ ಮುನ್ನ ಆಪರೇಟರ್ ನನ್ನನ್ನು ಪಕ್ಕಕ್ಕೆ ಕರೆದು ಟವೆಲ್ಲನ್ನು ಕೈಗಿತ್ತ. "ನಡಕ್ಕ ನಡಕ್ಕ ಸ್ವಲ್ಪ ಹಂಗಿಂಗ ಬರ್ತಾವ್ರೀ. ನಾ ಕೆಮ್ಮತೀನಿ. ಕೆಮ್ಮಿದ ಕೂಡ್ಲೆ ನೀವು ಟವೆಲ್ ಮುಚ್ಚಿಬಿಡ್ರಿ. ಪೋತ್ನಾಳದಾಗ ಹಿಂಗ ಮಾಡ್ತೀವಿ, ಕಲ್ಲೂರಿನ್ಯಾಗೂ ಹಿಂಗ. ಎಲ್ಲಾ ಮಂದಿ ಮೆಚ್ಯಾರ."

ಹೀಗೆ ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಟವೆಲ್ ಹಿಡಿದು ನಾನು ಟಿ.ವಿ.ಯ ಪಕ್ಕದಲ್ಲಿ ದ್ವಾರಪಾಲಕಿಯಂತೆ ನಿಂತೆ. ನಾನು ಕೇಳಿದ್ದ ಮೂರರಲ್ಲಿ ಆಹಾರ ಇತ್ತು, ವಸತಿ ಇತ್ತು. ಉಡುಪಿಗೆ ಮಾತ್ರ ಬಟ್ಟೆ ಸಾಲದೆ ಹೋಗಿತ್ತು. ಗುಹೆಯ ಗೋಡೆ ಗಾಳಿಗೆ ಅಲುಗಾಡುತ್ತಿತ್ತು. ಆಡಿನಷ್ಟು ದೊಡ್ಡ ಸೊಳ್ಳೆಯೊಂದು ದಾರದ ಮೇಲೆ ಹಾರಿಬಂತು. ಒಬ್ಬ ಆದಿಮಾನವನ ಕೈಯಲ್ಲಿ ಗಡಿಯಾರವಿತ್ತು, ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಇಡೀ ಗುಂಪಿನಲ್ಲಿ ನನಗೆ ಗೌರವ ಹುಟ್ಟಿದ್ದು ಅವನೊಬ್ಬನ ಮೇಲೆ.

ಪಾತ್ರಗಳಿಗೆ ಭಾಷೆ ಇರಲಿಲ್ಲ. ಊಂ, ಹೂಂ, ಹಾ, ಅಷ್ಟೆ. ಆದರೂ ಆಪರೇಟರ್ ಅದನ್ನು ಕನ್ನಡಕ್ಕೆ ತಂದ. ಇಂಗ್ಲಿಷ್ ಚಿತ್ರ ಎಂದರೆ ಪಕ್ಕದಲ್ಲಿ ನಿಂತು ಕತೆ ಹೇಳುವುದು ಅವನ ಕೆಲಸದ ಭಾಗ. "ಈ ದಪ್ಪನ್ನಾವ ಗೌಡ. ಬಾಜೂಕ ಇರಾಕಿ ಗೌಡನ ತಂಗಿ ಮಗಳು. ಅಕೀನ ಸೋದರತ್ತಿ ಮಗಗ ಕೊಡಬೇಕಂತ ಮಾಡ್ಯಾರ. ಅಕಿ ಒಲ್ಲೆ ಅನ್ನಾಕತ್ತಾಳ." ಅವನು ಹೇಳುವ ಎಲ್ಲ ಚಿತ್ರಗಳಿಗೂ ಇದೇ ಕತೆಯಂತೆ, ಬೇರೆ ಕತೆ ಹೇಳಿದರೆ ಹಳ್ಳಿಯವರು ಎದ್ದು ಹೋಗುತ್ತಾರಂತೆ. ನಾನು ರಟ್ಟು ಹಾಕಿದ ಹುಡುಗಿಯ ಕಡೆ ನೋಡಿದೆ. ಆಕೆ ಕಣ್ಣು ಮಿಟುಕಿಸದೆ ಕುಳಿತಿದ್ದಳು.

ಆಪರೇಟರನಿಗೆ ಬೀಡಿಯ ಕೆಮ್ಮೂ ಇತ್ತು ಎಂಬುದನ್ನು ನಾವಿಬ್ಬರೂ ಒಪ್ಪಂದದಲ್ಲಿ ಸೇರಿಸಿರಲಿಲ್ಲ. ಯಾವುದು ಎಚ್ಚರಿಕೆ, ಯಾವುದು ಬೀಡಿ ಎಂದು ತಿಳಿಯದೆ ನಾನು ಎಲ್ಲಕ್ಕೂ ಟವೆಲ್ ಮುಚ್ಚಿದೆ. ಗುಡ್ಡ, ಮೋಡ, ಸೂರ್ಯೋದಯಗಳನ್ನೆಲ್ಲ ಹುಡುಗಿಯರ ಕಣ್ಣಿನಿಂದ ಕಾಪಾಡಿದೆ. ಕಾಪಾಡಬೇಕಾದದ್ದು ಬರುವಾಗ ಅವನು ಕತೆಯಲ್ಲಿ ಮೈಮರೆತು ಕೆಮ್ಮುವುದನ್ನೇ ಬಿಟ್ಟಿರುತ್ತಿದ್ದ.

ನಾಲ್ಕಕ್ಕೆ ಅವನು ಕೆಮ್ಮಿದ. ನಾನು ಟವೆಲ್ ಹಾಕಿದೆ. ಅದೇ ಗಳಿಗೆಗೆ ಬಾಗಿಲಲ್ಲಿ ಹುಡುಗಿಯ ತಂದೆ, ಅವನ ಮುಂದೆ ಅವನ ಅಕ್ಕ, ಅಂದರೆ ಹುಡುಗಿಯ ಆ ಸೋದರತ್ತೆ. ಹೊರಗಿನವರು ವರಾಂಡ ದಾಟಬಾರದು ಎಂಬ ಫಲಕವನ್ನು ಆಕೆ ಓದಿರಲಿಲ್ಲ. ಓದಲು ಬಾರದು ಎಂಬುದು ಒಂದು ಕಾರಣ. ಬಂದಿದ್ದರೂ ಓದುತ್ತಿರಲಿಲ್ಲ ಎಂಬುದು ಇನ್ನೊಂದು.

"ಏನ್ರೀ ಅಕ್ಕೋರ ಅದು, ಮುಚ್ಚೀರಿ?"

"ಪಾಠ," ಎಂದೆ.

"ಪಾಠಕ್ಕ ಟವೆಲ್ ಯಾಕ ಮುಚ್ತಾರ? ಲೇ ತಮ್ಮಾ, ನಾ ಹೇಳಿದ್ನಿಲ್ಲ? ಹಾಸ್ಟೆಲ್ಲಿನ್ಯಾಗ ಏನು ಕಲಸ್ತಾರ ನೋಡು. ತೆಗೀರಿ ಅದನ್ನ."

ಐದು ಅಂಶಗಳ ಹಾಳೆ ನನ್ನ ಸೆರಗಿನ ತುದಿಯಲ್ಲಿ ಸುತ್ತಿಕೊಂಡಿತ್ತು. ಅದರಲ್ಲಿ ಟವೆಲ್ಲಿನ ಬಗ್ಗೆ ಏನೂ ಬರೆದಿರಲಿಲ್ಲ. ದೇವರ ಮೇಲೆ ಭಾರ ಹಾಕಿ ತೆಗೆದೆ. ಪುಣ್ಯಕ್ಕೆ ಅದು ಬೀಡಿಯ ಕೆಮ್ಮಾಗಿತ್ತು. ಪರದೆಯ ಮೇಲೆ ರಬ್ಬರಿನ ದೈತ್ಯ ಓತಿಕ್ಯಾತ ಬೆನ್ನು ತಿರುಗಿಸಿ ನಡೆಯುತ್ತಿತ್ತು. ಕುತ್ತಿಗೆಯಿಂದ ಬಾಲದವರೆಗೆ ಉದ್ದಕ್ಕೂ ಜಿಪ್ಪು.

ತಂದೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಬೆಟ್ಟದಿಂದ ಒಂದು ಬಂಡೆ ಉರುಳಿಬಂದು ಗೌಡನ ತಲೆಗೆ ಬಡಿದು ಚೆಂಡಿನಂತೆ ಪುಟಿಯಿತು. ತಂದೆಯ ಮುಖ ಕೆಂಪಾಯಿತು.

"ಅದು ಕಲ್ಲಲ್ರೀ. ಸಣ್ಣಾವಿದ್ದಾಗಿಂದ ಕಲ್ಲು ಒಡಿಯಾಕತ್ತೀನಿ, ಪುಟಿಯೋ ಕಲ್ಲು ನೋಡಿಲ್ಲ. ಮಕ್ಕಳಿಗೆ ಸುಳ್ಳು ಕಲಸ್ತೀರೇನ್ರೀ?"

ಅಕ್ಕನ ಲಕ್ಷ್ಯ ಕಲ್ಲಿನ ಮೇಲಿರಲಿಲ್ಲ. ಆಕೆ ಆಗಲೇ ಕುಳಿತಿದ್ದಳು. ಆಪರೇಟರ್ ಹೇಳುತ್ತಿದ್ದ ಸೋದರತ್ತಿ ಮಗ ಎಂಬ ಮಾತು ಕಿವಿಗೆ ಬಿದ್ದಿತ್ತು. "ಯಾರಪಾ ಅವ? ಆ ದುಂಡನ್ನ ಹುಡುಗನಾ? ಛಲೋ ಅದಾನಲ್ಲ. ಮೈಕೈ ತುಂಬಿಕೊಂಡಾನ. ಅಕಿಗೇನು ಧಾಡಿ?" ಅರ್ಧ ಗಂಟೆಯಲ್ಲಿ ಆಕೆ ಆ ಗುಹೆಯ ಸಂಬಂಧಿಕಳೇ ಆಗಿಬಿಟ್ಟಳು. ಹೆಣ್ಣನ್ನು ಜುಟ್ಟು ಹಿಡಿದು ಎಳೆದಾಗ ಮಾತ್ರ, "ಹಂಗ ಮಾಡಬಾರದಪಾ," ಎಂದು ಅಷ್ಟು ದೂರದ ಆದಿಮಾನವನಿಗೆ ಬುದ್ಧಿ ಹೇಳಿದಳು. ಕೊನೆಗೆ ಆ ಹೆಣ್ಣು ಕೈ ಬಿಡಿಸಿಕೊಂಡು, ದೊಣ್ಣೆ ಹಿಡಿದು ಗುಹೆಯ ಬಾಗಿಲಲ್ಲಿ ನಿಂತಳು. ಎದುರಿಗೆ ಎಲ್ಲರೂ. ಆಕೆ ಬಾಯಿ ತೆರೆದಳು.

ಕರೆಂಟು ಹೋಯಿತು.

"ಮುಂದ?" ಎಂದಳು ಅಕ್ಕ.

ಆಪರೇಟರ್ ಕನ್ನಡಕ ತೆಗೆದ. "ಖರೇ ಹೇಳ್ತೀನ್ರೀ ಯವ್ವಾ, ಮುಂದಿಂದು ನಾನೂ ನೋಡಿಲ್ಲ. ಎಲ್ಲಿ ಹಾಕಿದ್ರೂ ಇಲ್ಲೇ ಕರೆಂಟ್ ಹೋಗ್ತದ. ಡಬ್ಬಿ ಮ್ಯಾಲ ಬರದಿರ್ತಾರ್ರೀ, ಇಂಗ್ಲಿಷಿನ್ಯಾಗ."

ನಾನು ಡಬ್ಬಿಗೆ ಕೈ ಚಾಚಿದೆ. ಅಕ್ಕ ತಡೆದಳು. "ನೀವು ಬ್ಯಾಡ್ರಿ. ನೀವು ನಿಮಗ ಬೇಕಾದಂಗ ಹೇಳ್ತೀರಿ. ನಮ್ಮ ಹುಡುಗಿ ಓದ್ಲಿ. ಇಷ್ಟು ವರ್ಷ ಓದ್ಯಾಳಲ್ಲ, ಏನು ಕಲತಾಳ ನೋಡೋಣ. ಓದಾಕ ಬಂದ್ರ ಇರ್ಲಿ. ಬರ್ಲಿಲ್ಲಂದ್ರ ಈಗಿಂದೀಗ ಟ್ರಂಕ್ ಕಟ್ಟು. ಏನಂತಿ ತಮ್ಮಾ?"

ತಂದೆ ಒಪ್ಪಿ ತಲೆಯಾಡಿಸಿದ. ಹಿಂದಿನ ವರ್ಷ ಇಂಗ್ಲಿಷಿನಲ್ಲಿ ಹುಡುಗಿ ಪಾಸಾದದ್ದು ಕೃಪಾಂಕದಿಂದ ಎಂಬುದು ಆ ಕೋಣೆಯಲ್ಲಿ ಆಕೆಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

ಹುಡುಗಿ ಎದ್ದು ಬಂದಳು. ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸಾಲಿನ ಕೆಳಗೆ ಬೆರಳಿಟ್ಟಳು. ಒಂದು ಸಾಲು ಮನಸ್ಸಿನಲ್ಲೇ ಓದಿ, ತಲೆಯೆತ್ತಿ, ಕನ್ನಡದಲ್ಲಿ ಹೇಳತೊಡಗಿದಳು.

"ಆ ಹುಡುಗಿ ಹೇಳ್ತಾಳ. ನಾ ಒಲ್ಲೆ ಅನ್ನಂಗಿಲ್ಲ. ಆದ್ರ ನನಗ ಬೆಂಕಿ ಹಚ್ಚಾದು ಇನ್ನಾ ಪೂರಾ ಬಂದಿಲ್ಲ, ಅರ್ಧ ಕಲತೀನಿ. ಎರಡು ಮಳಿಗಾಲ ಬಿಡ್ರಿ, ಪೂರಾ ಕಲೀತೀನಿ. ಅರ್ಧ ಕಲತಾಕಿ ಬಂದ್ರ ನಿಮ್ಮ ಮನಿ ಸುಡ್ತದ. ಪೂರಾ ಕಲತಾಕಿ ಬಂದ್ರ ಒಲಿ ಉರೀತದ."

"ಅದಕ್ಕ ಅತ್ತಿ ಏನಂದ್ಲು?" ಅಕ್ಕ ಮುಂದಕ್ಕೆ ಬಾಗಿದ್ದಳು.

ಹುಡುಗಿ ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದಳು. "ಅತ್ತಿ ಭಾಳ ಶಾಣ್ಯಾಕಿ ಅಂತ ಬರದಾರ. ಆಗ್ಲಿ ಅಂದ್ಲಂತ."

ಅಕ್ಕ ತಂಬಾಕನ್ನು ದವಡೆಯಿಂದ ದವಡೆಗೆ ಸರಿಸಿದಳು. ಶಾಣ್ಯಾಕಿ ಎಂದು ಅಚ್ಚಾಗಿ ಬಂದಮೇಲೆ ಅಲ್ಲವೆನ್ನಲು ಯಾರಿಗೆ ಮನಸ್ಸು ಬರುತ್ತದೆ?

"ಎರಡು ಮಳಿಗಾಲ ಅಂದ್ರ ಹತ್ತನೇತ್ತ ಮುಗೀತದಲ್ಲ?" ಎಂದ ತಂದೆ. ಮೀಸೆಯ ಅಡಿಯಲ್ಲಿ ಅವನು ನಕ್ಕನೋ ಇಲ್ಲವೋ, ಕರೆಂಟಿಲ್ಲದ ಕೋಣೆಯಲ್ಲಿ ನನಗೆ ಕಾಣಲಿಲ್ಲ. "ಟಿ.ಸಿ. ಒಳಗ ಇಟ್ಟುಬಿಡ್ರಿ ಅಕ್ಕೋರ. ದೇವದುರ್ಗದ ಬಸ್ಸಿಗೆ ಹೊತ್ತಾತು. ಆದ್ರ ಆ ಕಲ್ಲಿಂದು ಮಾತ್ರ ಸುಳ್ಳು ನೋಡ್ರಿ."

ಅವರು ಹೋದಮೇಲೆ ಡಬ್ಬಿಯನ್ನು ನಾನು ಓದಿದೆ. ಕತೆಯ ಬಗ್ಗೆ ಇದ್ದದ್ದು ಮೂರು ಸಾಲು. ಮೂರನೆಯದು, ಮುಂದೇನಾಯಿತೆಂದು ನೀವೇ ನೋಡಿ ಎಂಬ ಆಹ್ವಾನ. ಹುಡುಗಿ ಬೆರಳಿಟ್ಟಿದ್ದು ಅದರ ಕೆಳಗಿನ ಸಣ್ಣ ಅಕ್ಷರಗಳ ಮೇಲೆ. ಅಲ್ಲಿ ಬರೆದದ್ದು ಇಷ್ಟೆ: ಈ ಕ್ಯಾಸೆಟ್ಟನ್ನು ಅನುಮತಿಯಿಲ್ಲದೆ ನಕಲು ಮಾಡುವುದು ಅಪರಾಧ.

ನಮ್ಮ ಹಾಸ್ಟೆಲಿನಲ್ಲಿ ಸುಳ್ಳಿಗೆ ಶಿಕ್ಷೆಯಿತ್ತು. ಅದಕ್ಕೆಂದೇ ಒಂದು ನೋಂದಣಿ ಪುಸ್ತಕವಿತ್ತು. ಪುಸ್ತಕಕ್ಕೆ ಗೆರೆ ಎಳೆದವಳು ನಾನೇ. ಆ ಭಾನುವಾರದ ಪುಟ ಇಂದಿಗೂ ಖಾಲಿ. ನನ್ನ ಸೇವೆಯಲ್ಲಿ ನಾನು ಬರೆಯದೆ ಬಿಟ್ಟ ಪುಟ ಅದೊಂದೇ. ಹಾಗೆಂದು ಸುಮ್ಮನೆ ಬಿಟ್ಟೆನೆಂದಲ್ಲ. ಮರುದಿನದಿಂದ ಬೆಳಗಿನ ಐದೂವರೆಯಿಂದ ಆರರವರೆಗೆ ಆಕೆಗೆ ಇಂಗ್ಲಿಷ್. ಮೊದಲ ಪಾಠ, ಆ ಡಬ್ಬಿಯ ಮೂರು ಸಾಲು. ಆಪರೇಟರ್ ಕೊಂಡೊಯ್ಯುವ ಮುನ್ನ ಬರೆದಿಟ್ಟುಕೊಂಡಿದ್ದೆ. ಅನುಮತಿಯಿಲ್ಲದೆ ನಕಲು ಮಾಡಿದ್ದೆ ಎಂದರೂ ಸರಿಯೇ.

ಎರಡು ಮಳೆಗಾಲ ಕಳೆದು ಆಕೆ ಹತ್ತನೆಯದನ್ನು ಪಾಸು ಮಾಡಿದಳು, ಇಂಗ್ಲಿಷಿನಲ್ಲೂ, ಕೃಪಾಂಕವಿಲ್ಲದೆ. ಅತ್ತೆ ಹೇಳಿದ ಮಾತಿಗೆ ತಪ್ಪದೆ ಹಾಸ್ಟೆಲಿಗೆ ಬಂದಳು. ಹುಡುಗಿ ಆಕೆಗೆ ಚಹಾ ಕೊಟ್ಟು, ಪಕ್ಕದಲ್ಲಿ ಕುಳಿತು, ಮೆಲ್ಲಗೆ ಹೇಳುವುದು ನನಗೆ ವರಾಂಡದಿಂದ ಕೇಳಿಸಿತು: "ಅತ್ತೀ, ಆ ಸಿನಿಮಾಕ್ಕ ಎರಡನೇ ಭಾಗ ಬಂದದಂತ."