ಬಸಳೆ ಸಾರಿಗೆ ನಾನು ಹಾಕಿದ್ದು

ಸುಮಿತ್ರಾ, ಪ್ರತಿ ಶುಕ್ರವಾರ ನಿನಗೆಂದೇ ಮಾಡಿ ತರುತ್ತಿದ್ದ ಬಸಳೆ ಸಾರಿನಲ್ಲಿ ಒಣ ಸೀಗಡಿ ಇತ್ತು. ಅದೇ, ನಮ್ಮ ಶೆಟ್ಲಿ. ಹುರಿದು, ಪುಡಿ ಮಾಡಿ, ಕಾಯಿಯ ಜೊತೆ ನುಣ್ಣಗೆ ಅರೆದು ಹಾಕುತ್ತಿದ್ದೆ — ಕಣ್ಣಿಗೆ ಕಾಣಬಾರದೆಂದೇ ಅಷ್ಟು ನುಣ್ಣಗೆ. ಕೈತಪ್ಪಿ ಬಿದ್ದದ್ದಲ್ಲ. ಒಂದು ದಿನದ ಮಾತೂ ಅಲ್ಲ. ನಾಲ್ಕು ವರ್ಷ.

ಇಷ್ಟು ಬರೆಯಲು ಮೂರು ಹಾಳೆ ಹರಿದೆ. ಪ್ರತಿ ಸಲವೂ ಪೆನ್ನು ಹಿಡಿದರೆ ನಿನ್ನ ತಪ್ಪೇ ಮೊದಲು ಬರುತ್ತಿತ್ತು — ನೋಡು ನನ್ನ ಬುದ್ಧಿ! ಹಾಗಂತ ನೀನು ಕೊಟ್ಟ ಕಾಟವೇನು ಕಡಿಮೆಯೇ? ಕುಮಟೆಯ ಹೊಲಿಗೆ ಅಂಗಡಿಯಲ್ಲಿ ನಾವು ಮೂವರು, ನೀನು, ನಾನು, ಮಾದೇವಿ, ಮಧ್ಯಾಹ್ನ ಮಷಿನ್ ನಿಲ್ಲಿಸಿ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಯಾರೂ ತಮ್ಮ ಡಬ್ಬಿಯದ್ದನ್ನೇ ಉಂಡವರಲ್ಲ. ನನ್ನ ಬಂಗಡೆ ನಿನಗೆ, ನಿನ್ನ ಮಜ್ಜಿಗೆ ಹುಳಿ ಮಾದೇವಿಗೆ. ಎಷ್ಟು ಚಂದ ನಡೆದಿತ್ತು.

ಆಮೇಲೆ ನಿಮ್ಮ ಹಸು ಗಂಡು ಕರು ಹಾಕಿತು. ನಿನ್ನ ಗಂಡ ಅದನ್ನು ಯಾರಿಗೋ ಸಾಗಹಾಕಿದ. ತಾಯಿ ಮೂರು ದಿನ ಕೊಟ್ಟಿಗೆಯಲ್ಲಿ ನಿಂತು ಕೂಗಿತಂತೆ. ನಾಲ್ಕನೆಯ ದಿನ ನೀನು ಹಾಲು ಬಿಟ್ಟೆ. ಮೊಸರು, ತುಪ್ಪ ಬಿಟ್ಟೆ. "ಮೀನಿಗೂ ಜೀವ ಇಲ್ವಾ?" ಎಂದು ಅದನ್ನೂ ಬಿಟ್ಟೆ. ಜೇನುತುಪ್ಪವೂ ಬೇಡವೆಂದೆ. ಇದಕ್ಕೆ ವೀಗನ್ ಎಂಬ ಹೆಸರಿದೆ ಎಂದು ನಿನ್ನ ತಂಗಿಯ ಮಗಳು ಹೇಳಿದಳಂತೆ. ಹೆಸರಿದ್ದರೇನು, ಡಬ್ಬಿಯಲ್ಲಿ ದಿನವೂ ಬೇಯಿಸಿದ ಕುಂಬಳಕಾಯಿ! ನನಗೆ ಎಷ್ಟು ರೇಗುತ್ತಿತ್ತು ಗೊತ್ತೇ? ನಾನು ತದಡಿಯವಳು. ಅಪ್ಪ, ಅಣ್ಣ, ಗಂಡ ಎಲ್ಲರೂ ದೋಣಿಯವರು. ನೀನು ಒಂದು ಮಾತೂ ಬೈದವಳಲ್ಲ, ಆದರೂ ನೀನು ತಟ್ಟೆ ಸರಿಸಿದಾಗಲೆಲ್ಲ ನಮ್ಮ ಮನೆಯನ್ನೇ ಸರಿಸಿದಂತೆ ಅನಿಸುತ್ತಿತ್ತು.

ಆದರೂ ಬಸಳೆಯ ಆಸೆ ನಿನಗೆ ಹೋಗಿರಲಿಲ್ಲ. "ಶೆಟ್ಲಿ ಇಲ್ದೆ ಒಂದ್ಸಲ ಮಾಡ್ಕೊಡೇ. ನಿನ್ ಕೈಯದ್ದಾದ್ರೆ ನಾ ಕಣ್ಮುಚ್ಚಿ ಉಣ್ತೆ" ಎಂದೆ. ಮೀನು ಬೇಯಿಸಿದ ಪಾತ್ರೆ ಬೇಡವೆಂಬ ವಿಚಾರ ಬಂದಾಗ ನಾನೇ ಸೋಮವಾರದ ಪಾತ್ರೆಯ ಮಾತು ತೆಗೆದೆ. ನಮ್ಮಲ್ಲಿ ಸೋಮವಾರ ಮೀನಿಲ್ಲ. ಆ ದಿನದ ಅಡುಗೆಗೆ ಬೇರೆ ಪಾತ್ರೆ, ಬೇರೆ ಸೌಟು. ಮೀನು ಮುಟ್ಟಿದ ಕೈಯನ್ನು ಅತ್ತೆ ಅದರ ಹತ್ತಿರವೂ ಬಿಡುವುದಿಲ್ಲ. ನೀನು ಮನೆಗೆ ಬಂದಾಗ ಆ ಪಾತ್ರೆಯನ್ನು ಕಣ್ಣಾರೆ ನೋಡಿದ್ದೆ.

ನಾನು ಅದರಲ್ಲೇ ಮಾಡಿದೆ. ಮೊದಲನೆಯ ಸಲ ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ — ಅಷ್ಟೇ. ರುಚಿ ನೋಡಿದರೆ ಬರೀ ಸಪ್ಪೆ. ಇದನ್ನು ನನ್ನ ಸಾರು ಎಂದು ಹೇಗೆ ಕೊಡಲಿ? ಊರಲ್ಲಿ ನಾಲ್ಕು ಜನ ನನ್ನ ಕೈರುಚಿ ಹೊಗಳಿದ್ದು ತಲೆಗೆ ಏರಿತ್ತು. ಒಂದೇ ಚಮಚ ಎಂದುಕೊಂಡೆ. ಯಾರಿಗೆ ಏನು ನಷ್ಟ — ಎಂದುಕೊಂಡೆ. ಮಧ್ಯಾಹ್ನ ನೀನು ಡಬ್ಬಿಯ ತಳವನ್ನು ಬೆರಳಿನಿಂದ ಬಳಿದು, "ನೋಡೇ, ಮೀನು ಇಲ್ದಿದ್ರೂ ಎಂತಾ ರುಚಿ!" ಎಂದೆ. ಒಳಗೊಳಗೇ ನಗು ಬಂತು ನನಗೆ. ಹೌದು, ನಕ್ಕೆ. ಅದನ್ನೂ ಬರೆಯಬೇಕು.

ಆ ಪಾತ್ರೆಯನ್ನು ಪ್ರತಿ ಶುಕ್ರವಾರ ಬೂದಿ, ಹುಣಸೆಹುಳಿ ಹಾಕಿ ಎರಡೆರಡು ಸಲ ತಿಕ್ಕಿ ತೊಳೆಯುತ್ತಿದ್ದೆ — ಸೋಮವಾರ ಕೆಡಬಾರದಲ್ಲ! ಅತ್ತೆಗೂ ದೇವರಿಗೂ ಅಷ್ಟು ಹೆದರಿದವಳು ನಿನಗೆ ಹೆದರಲಿಲ್ಲ. ನೀನು ಇಡಗುಂಜಿ ಗಣಪತಿಗೆ ಹರಕೆ ಹೊತ್ತು ಬಿಟ್ಟಿದ್ದೇನೆ ಎಂದಿದ್ದರೆ ಆ ಚಮಚವನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ನೀನು ಬಿಟ್ಟದ್ದು ಒಂದು ಹಸುವಿಗಾಗಿ. ಹಸು ದೇವರ ಹಾಗೆ ಕಾಯಿ ಕೇಳುವುದಿಲ್ಲ, ಕಾಡುವುದಿಲ್ಲ. ಹಾಗಾಗಿ ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಎರಡನೆಯ ವರ್ಷ ಮಾದೇವಿ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. "ಇದ್ರಲ್ಲಿ ಶೆಟ್ಲಿ ವಾಸ್ನೆ ಬರ್ತದಲ್ಲೇ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ನಿಂತೆ. "ಎಂತ ಮಾತು ಆಡ್ತೆ? ಸೋಮವಾರದ ಪಾತ್ರೆಯಲ್ಲೇ ಮಾಡಿದ್ದು. ಬೇಕಾದ್ರೆ ನನ್ ಅತ್ತೆಯನ್ನ ಕೇಳು!" ಎಂದೆ. ಅಂಗಡಿಯ ಹೆಂಗಸರೆಲ್ಲ ತಿರುಗಿ ನೋಡಿದರು. ಹೇಳಿದ ಒಂದೊಂದು ಮಾತೂ ನಿಜ, ಸುಮಿತ್ರಾ — ಹೇಳಿದ್ದು ಪೂರ್ತಿ ಸುಳ್ಳು. ನೀನು ಮಾದೇವಿಯ ಕಡೆ ತಿರುಗಿ, "ಅನ್ನ ಹಂಚ್ಕೊಂಡವ್ಳ ಮೇಲೆ ಇಂಥಾ ಮಾತು ಆಡೂದಾದ್ರೆ ನಮ್ ಸಂಗಡ ಉಣ್ಣೂದೇ ಬೇಡ" ಎಂದೆ. ಅವಳು ಡಬ್ಬಿ ಮುಚ್ಚಿದಳು. ಆ ದಿನದಿಂದ ತನ್ನ ಮಷಿನ್ ಮುಂದೆಯೇ ಒಬ್ಬಳೇ ಕೂತು ಉಂಡಳು. ಆರು ತಿಂಗಳಿಗೆ ಹೊನ್ನಾವರದ ಬೇರೆ ಅಂಗಡಿ ಸೇರಿದಳು.

ಆಗಲಾದರೂ ಬಾಯಿ ಬಿಟ್ಟೆನೇ? ಇಲ್ಲ. ಒಂದು ಶುಕ್ರವಾರ ಮಾತ್ರ ಪುಡಿ ಹಾಕದೆ ತಂದೆ. ನೀನು ಎರಡು ತುತ್ತು ಉಂಡು, "ಇವತ್ತು ಎಂತ, ಮೈಯಲ್ಲಿ ಹುಷಾರಿಲ್ವಾ?" ಎಂದೆ. ಅಷ್ಟೇ ಸಾಕಾಯಿತು. ಮುಂದಿನ ವಾರ ಮತ್ತೆ ಹಾಕಿದೆ. ಒಂದು ಹೊಗಳಿಕೆಗೆ, ಬರೀ ಒಂದು ಹೊಗಳಿಕೆಗೆ — ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈಗ ನೀನು ಭಾನುವಾರ ಅಂಗಡಿಯ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದಿದ್ದೀ. ಹಾಲಿಲ್ಲದ, ಮೀನಿಲ್ಲದ ಊಟವೂ ಹೊಟ್ಟೆ ತುಂಬ ಉಣ್ಣುವಂಥದ್ದೇ ಎಂದು ತೋರಿಸಬೇಕಂತೆ. ನನ್ನನ್ನು ಬೆಳಿಗ್ಗೆಯೇ ಬಾ ಎಂದೆ. "ನಾಲ್ಕು ವರ್ಷ ಆತು, ನನ್ ಕೈಗೆ ಆ ರುಚಿ ಬರೂದೇ ಇಲ್ಲ. ಎದುರಿಗೆ ನಿಂತು ಕಲ್ಸಿಕೊಡು" ಎಂದೆ. ಕಾಯಿ ಬದಲಿಸಿದೆಯಂತೆ, ಮೆಣಸು ಬದಲಿಸಿದೆಯಂತೆ. ಮಿಕ್ಸಿ ಬಿಟ್ಟು ಒರಳಿನಲ್ಲಿ ಅರೆದೆಯಂತೆ. ನಿನ್ನ ಕೈಯೇ ಸರಿಯಿಲ್ಲವೆಂದು ನೀನೇ ನಕ್ಕೆ. ನಾನೂ ಜೊತೆಗೆ ನಕ್ಕೆ.

ನಿನ್ನೆ ಹೊನ್ನಾವರಕ್ಕೆ ಹೋಗಿ ಮಾದೇವಿಗೆ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು. ಸುಮಿತ್ರಕ್ಕಂಗೆ ಹೇಳಿದ್ಯಾ?"

"ಇಲ್ಲ."

"ಹಂಗಾದ್ರೆ ನನ್ ಹತ್ರ ಹೇಳಿ ಎಂತ ಆತು?"

ಸರಿಯೇ. ಭಾನುವಾರ ಬರುತ್ತೇನೆ. ನೀನು ಒಲೆ ಹಚ್ಚುವ ಮೊದಲು ಈ ಕಾಗದ ನಿನ್ನ ಕೈಗೆ ಕೊಟ್ಟು ಎದುರಿಗೇ ನಿಲ್ಲುತ್ತೇನೆ. ಮಾದೇವಿ ಹೇಳಿದ್ದೇ ನಿಜವೆಂದು, ಅವತ್ತು ಕೇಳಿಸಿಕೊಂಡ ಹೆಂಗಸರೆದುರು ನಾನೇ ಹೇಳುತ್ತೇನೆ. ಆಮೇಲೆ ಹೊರಗೆ ಹೋಗೆಂದರೆ ಹೋಗುತ್ತೇನೆ, ಎದುರು ಮಾತಾಡುವುದಿಲ್ಲ. ಆದರೆ ಅಡುಗೆ ನಿಲ್ಲಿಸಬೇಡ. ಕಲಿಸಿಕೊಡುವಂಥದ್ದು ನನ್ನಲ್ಲಿ ಏನೂ ಇಲ್ಲ. ನಿನ್ನ ಕೈ ಯಾವತ್ತೂ ತಪ್ಪಿರಲಿಲ್ಲ, ಸುಮಿತ್ರಾ. ನಾಲ್ಕು ವರ್ಷವೂ ನೀನು ಮಾಡಿದ್ದೇ ಸರಿಯಾದ ಸಾರು.