ಮೊಮ್ಮಗನ ಹೆಸರಲ್ಲಿ ಬೆಳೆದ ಕೂದಲು

ನನ್ನ ತಲೆಯ ಮೇಲೆ ಒಂದು ಕೂದಲೂ ಇಲ್ಲ. ಆದ್ದರಿಂದಲೇ ಈ ಕಥೆ ಹೇಳಲು ನಮ್ಮ ಬೀದಿಯಲ್ಲಿ ನನಗಿಂತ ಯೋಗ್ಯ ಇನ್ನೊಬ್ಬನಿಲ್ಲ. ಉಳಿದವರೆಲ್ಲ ಇದರಲ್ಲಿ ಲಾಭಕ್ಕೆ ಬಾಯಿಬಿಟ್ಟು ಕಾದವರು. ನಾನು ಬರೀ ನೋಡಿದವನು.

ನನ್ನದು ಬೀಗ ರಿಪೇರಿ ಮಾಡುವ, ಕೀಲಿಕೈ ಮಾಡಿಕೊಡುವ ಗೂಡಿನಂಥ ಅಂಗಡಿ. ಪಕ್ಕದ್ದೇ ಕ್ಷೌರದಂಗಡಿ. ಅದರ ಯಜಮಾನನನ್ನು ಎದುರಿಗೆ ಎಲ್ಲರೂ ಮಾವ ಎನ್ನುತ್ತಾರೆ, ಬೆನ್ನ ಹಿಂದೆ ಅರ್ಧಗಡ್ಡ. ಮಾತೂ ಕತ್ತಿಯೂ ಒಟ್ಟಿಗೆ ಅವನಿಗೆ ಬರುವುದಿಲ್ಲ. ಬಾಯಿ ಶುರುವಾದರೆ ಕೈ ನಿಲ್ಲುತ್ತದೆ. ಒಮ್ಮೆ ಬೀದಿಯಲ್ಲಿ ಯಾರೋ ಇಬ್ಬರು ಜಗಳವಾಡುತ್ತಿದ್ದರೆಂದು ನ್ಯಾಯ ಹೇಳಲು ಹೊರಗೆ ಹೋದವನು ಕುರ್ಚಿಯಲ್ಲಿದ್ದ ಗಿರಾಕಿಯನ್ನು ಮರೆತೇಬಿಟ್ಟ. ಆತನ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದು ನೊರೆಯೊಳಗಿತ್ತು. ನೊರೆ ಒಣಗಿ ಚಕ್ಕೆ ಎದ್ದ ಮೇಲೆ ಆತನೇ ಎದ್ದುಹೋಗಿ ಇವನನ್ನು ರಟ್ಟೆ ಹಿಡಿದು ಕರೆತಂದ. ಹೆಸರು ಅಂದಿನಿಂದ ಅಂಟಿಕೊಂಡಿದೆ.

ಅವನಿಗೆ ಮೂವರು ಹೆಣ್ಣುಮಕ್ಕಳು. ಮೂರು ಸಲವೂ ಬೀದಿಯವರು ಬಂದು, ಪರವಾಗಿಲ್ಲ ಬಿಡು, ಮುಂದಿನ ಸಲ ನೋಡೋಣ ಎಂದು ಸಮಾಧಾನ ಹೇಳಿ ಹೋಗಿದ್ದರು. ಇವನೂ ಹೂಂ ಎಂದು ಕತ್ತರಿ ಎತ್ತಿಕೊಂಡಿದ್ದ. ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ದೊಡ್ಡವಳು ಬಸ್ ಕಂಡಕ್ಟರ್ ಆದಾಗ ಅಂಗಡಿಯ ರಜೆಯ ದಿನ ಅವಳದೇ ಬಸ್ಸು ಹತ್ತಿ, ಏನೂ ಕೆಲಸವಿಲ್ಲದೆ ಕೊನೆಯ ಸ್ಟಾಪಿನವರೆಗೆ ಹೋಗಿ, ಎದೆಯುಬ್ಬಿಸಿಕೊಂಡು ವಾಪಸು ಬಂದವನು ಅವನು. ಆದರೂ ಗಂಡುಮಗುವಿನ ಆಸೆ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಒಳಗೇ ಉಳಿದಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಆ ದೊಡ್ಡ ಮಗಳು ಬಸುರಿಯಾದಳು. ಸುದ್ದಿ ತಿಳಿದ ಬೆಳಿಗ್ಗೆ ಅಂಗಡಿ ತುಂಬ ಜನ. ಇವನು ಕುರ್ಚಿಯಲ್ಲಿದ್ದವನ ತಲೆ ಹಾಗೇ ಬಿಟ್ಟು, ಕತ್ತರಿ ಮೇಲೆತ್ತಿ ಘೋಷಿಸಿದ: "ಮೊಮ್ಮಗ ಹುಟ್ಲಿ, ಒಂದು ದಿನ ಪೂರ್ತಿ ಇಡೀ ಬೀದಿಗೆ ಕಟಿಂಗ್ ಪುಕ್ಕಟೆ."

ಅವನ ಹೆಂಡತಿಯ ಕಿವಿಗೆ ಇದು ಸಂಜೆಯೊಳಗೆ ಬಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿದ್ದೆ, ಊರವರ ಕೂದಲು ಕತ್ತರಿಸುವವರನ್ನು ಈಗಲೇ ನೋಡಿದ್ದು ಎಂದಳಂತೆ. ಅವಳಿಗೆ ಗಂಡು ಹೆಣ್ಣಿನ ಚಿಂತೆಯೇ ಇರಲಿಲ್ಲ. ಸರದಿಯಲ್ಲಿ ಅಳುವ ಮೂರು ಮಕ್ಕಳನ್ನು ಸಾಕಿ ಸುಸ್ತಾದವಳು. ಹುಟ್ಟುವುದು ಯಾವುದಾದರೂ ಆಗಲಿ, ರಾತ್ರಿ ನಿದ್ದೆ ಮಾಡುವಂಥದ್ದು ಹುಟ್ಟಲಿ ಎಂಬುದಷ್ಟೇ ಅವಳ ಬೇಡಿಕೆ.

ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮ ಬೀದಿಯದು. ಹೆರಿಗೆ ಹತ್ತಿರವಾದಂತೆ ಒಬ್ಬೊಬ್ಬರೇ ಕೂದಲು ಕತ್ತರಿಸುವುದನ್ನು ನಿಲ್ಲಿಸಿದರು. ಗಡ್ಡಕ್ಕೆ ಬರುತ್ತಿದ್ದರು, ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಬೇಕರಿಯವನು ತಲೆಗೆ ಕರವಸ್ತ್ರ ಕಟ್ಟಿಕೊಂಡು ಬ್ರೆಡ್ಡು ಮಾರಿದ. ಶಾಲೆಯ ಮೇಷ್ಟ್ರ ಕಿವಿಗಳು ಮೊದಲು ಕಾಣೆಯಾದವು, ಆಮೇಲೆ ಕಾಲರು ಕಾಣೆಯಾಯಿತು. ಕೇಳಿದರೆ, ಪದೇ ಪದೇ ಕತ್ತರಿಸಿದರೆ ನೆನಪಿನ ಶಕ್ತಿ ಕುಂದುತ್ತದೆ ಎಂದು ಎಲ್ಲೋ ಓದಿದ್ದೇನೆ ಎಂದರು. ಎಲ್ಲಿ ಓದಿದ್ದು ಎಂದರೆ ನೆನಪಿಲ್ಲ.

ಪಾಪ, ಮಾವನಿಗೆ ಇದೇನೂ ಹೊಳೆಯಲಿಲ್ಲ. ನೊಣ ಓಡಿಸುತ್ತ ಕೂತು ಕೂತು, ಒಂದು ದಿನ ನನ್ನ ಅಂಗಡಿಯ ಬಾಗಿಲಿಗೆ ಬಂದು, ನನ್ನ ಕೈ ಕೆಟ್ಟಿದೆಯಾ ನಿಜ ಹೇಳು ಎಂದ. ನಾನು ಬೀದಿಯ ಕಡೆ ಬೆರಳು ತೋರಿಸಿದೆ. ಪೊದೆಯಂಥ ತಲೆಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ನೋಡಿದ, ಲೆಕ್ಕ ಹಾಕಿದ, ಮೊದಲು ನಕ್ಕ, ಆಮೇಲೆ ಮುಖ ಸಣ್ಣದಾಯಿತು. ಇಷ್ಟೂ ಜನ ತನ್ನ ಮಗಳ ಹೊಟ್ಟೆಯನ್ನೇ ನೋಡುತ್ತ ಕೂತಿದ್ದಾರೆಂದು ಆಗ ಅವನಿಗೆ ಅರ್ಥವಾಯಿತು.

ಮಗಳಿಗೆ ಅರ್ಥವಾಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ರಜೆಯ ಮೇಲಿದ್ದ ಅವಳು ಬೀದಿಯಲ್ಲಿ ನಡೆದರೆ ಗಂಡಸರು ಕುರ್ಚಿ ಬಿಟ್ಟೇಳುತ್ತಿದ್ದರು. ನಿಧಾನ ತಾಯಿ, ಕಲ್ಲಿದೆ ನೋಡು ಎನ್ನುತ್ತಿದ್ದರು. ಬೀದಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂದಿದೆ ಎಂದುಕೊಂಡಿದ್ದಳು. ಕೊನೆಗೆ ಮೇಷ್ಟ್ರೇ ಬಾಯಿಬಿಟ್ಟರು. ನಮಗೆಲ್ಲ ನಿರಾಸೆ ಮಾಡಬೇಡಮ್ಮ ಎಂದು ಕೂದಲು ಹಿಂದಕ್ಕೆ ತಳ್ಳಿಕೊಂಡರು.

ಅವಳು ಸೀದಾ ಅಂಗಡಿಗೆ ಬಂದಳು. ಬಸ್ಸಿನಲ್ಲಿ ಟಿಕೆಟ್ ಇಲ್ಲದವನನ್ನು ಇಳಿಸುವಾಗಲೂ ಅವಳು ಕೂಗುವುದಿಲ್ಲ, ತಣ್ಣಗೆ ಕೇಳುತ್ತಾಳೆ. ಅಂದೂ ಹಾಗೆಯೇ ಕೇಳಿದಳು.

"ಅಪ್ಪ, ನಾವು ಮೂವರು ಹುಟ್ಟಿದ ದಿನ ಅಂಗಡಿ ತೆಗೆದಿದ್ಯಾ?"

ಅವನು ಬ್ರಷ್ಷನ್ನು ಬಟ್ಟಲಲ್ಲಿ ತಿರುಗಿಸುತ್ತಲೇ ಇದ್ದ. ನೊರೆ ಬಟ್ಟಲು ಮೀರಿ ಕೈಗೆ ಬಂತು. "ತೆಗೆದಿದ್ದೆ" ಎಂದ.

"ಹಾಗಾದ್ರೆ ಇದೂ ಹೆಣ್ಣಾದ್ರೆ ನೋಡೋಕೆ ಬರಬೇಡ. ಅಂಗಡಿ ತೆಕ್ಕೊಂಡು ಕೂತಿರು."

ಹೇಳಿ ಹೊರಟುಹೋದಳು. ಗೋಡೆಯಾಚೆ ಕೀಲಿಕೈ ಉಜ್ಜುತ್ತಿದ್ದ ನನ್ನ ಕೈಯಲ್ಲಿ ಅರ ಹಾಗೇ ನಿಂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಪ್ಪನ ಮಾತೂ ಹೋಗಿತ್ತು, ಮಗಳದೂ ಹೋಗಿತ್ತು. ಅಂದಿನಿಂದ ಮಾವ ಗಂಡಾಗಲಿ ಎಂದು ಹಾರೈಸಿದ್ದು ಆಸೆಯಿಂದಲ್ಲ, ಹೆದರಿಕೆಯಿಂದ.

ಹುಟ್ಟಿದ್ದು ಹೆಣ್ಣು.

ಆಸ್ಪತ್ರೆಯಿಂದ ಹೆಂಡತಿಯ ಫೋನು ಬಂತು. ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ, ಮಗಳು ಹೇಳಿದ್ದು ನೆನಪಿದೆ ತಾನೆ ಎಂದು ಇಟ್ಟುಬಿಟ್ಟಳು. ಮಾವ ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. ಅಷ್ಟರಲ್ಲಿ ಬೀದಿಗೆ ಬೀದಿಯೇ ಒಳಗೆ ಬಂತು, ಸಾವಿನ ಮನೆಗೆ ಬಂದಂತೆ ಚಪ್ಪಲಿಯ ಸದ್ದೂ ಆಗದ ಹಾಗೆ. ಬೇಕರಿಯವನು ಅವನ ಹೆಗಲ ಮೇಲೆ ಕೈಯಿಟ್ಟ.

"ಪರವಾಗಿಲ್ಲ ಬಿಡು ಮಾವ. ಮುಂದಿನ ಸಲ ನೋಡೋಣ."

ಅದೇ ಮಾತು. ಮೂರು ಸಲ ಕೇಳಿ ಹೂಂ ಎಂದಿದ್ದವನು ಈ ಸಲ ಹೂಂ ಎನ್ನಲಿಲ್ಲ. ನನ್ನ ಮನೆಯಲ್ಲಿ ಯಾರು ಸತ್ತಿದ್ದಾರೆ ಎಂದು ಕೇಳಿದ. ಆಗ ಮೇಷ್ಟ್ರು ಮುಂದೆ ಬಂದು ಭಾಷಣ ಶುರುಮಾಡಿದರು. ಹೆಣ್ಣೇನು ಗಂಡೇನು, ಎರಡೂ ಕಣ್ಣಲ್ಲವೇ? ಗಂಡಿಗೆ ಪುಕ್ಕಟೆ, ಹೆಣ್ಣಿಗೆ ಇಲ್ಲ ಎಂದರೆ ಅದು ತಾರತಮ್ಯವಲ್ಲವೇ? ಉಳಿದವರು ಹೌದು ಹೌದು ಎಂದರು. ಹೆಣ್ಣುಮಕ್ಕಳ ಪರವಾಗಿ ನಮ್ಮ ಬೀದಿ ಹೀಗೆ ಒಕ್ಕೊರಲಿನಿಂದ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿಲ್ಲ. ಮಾವ ಎದ್ದು ನಿಂತದ್ದೇ ತಡ, ಮೇಷ್ಟ್ರು ಖಾಲಿ ಕುರ್ಚಿಯಲ್ಲಿ ಕೂತು ಬಟ್ಟೆಯನ್ನು ತಾವೇ ಕೊರಳಿಗೆ ಕಟ್ಟಿಕೊಂಡರು.

ಮಾವ ಕತ್ತರಿ ಕೈಗೆ ತೆಗೆದುಕೊಂಡ. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಡ್ರಾಯರಿಗೆ ಹಾಕಿ, ದೀಪ ಆರಿಸಿ, ಎಲ್ಲರೂ ಏಳಿ ಎಂದ. ನಂಬದೆ ಕೂತಿದ್ದ ಮೇಷ್ಟ್ರನ್ನು ಕುರ್ಚಿ ಸಮೇತ ಬಾಗಿಲ ಕಡೆಗೆ ತಿರುಗಿಸಿದ. ಶಟರು ದಡದಡನೆ ಕೆಳಗಿಳಿಯಿತು. ಮೇಷ್ಟ್ರು ಕೊರಳಲ್ಲಿ ಬಟ್ಟೆಯೊಂದಿಗೆ ಬೀದಿಯಲ್ಲಿ ನಿಂತಿದ್ದರು. ಹಗಲು ಹೊತ್ತಿನಲ್ಲಿ ಆ ಶಟರು ಇಳಿದದ್ದನ್ನು ನಾನು ಅದೇ ಮೊದಲು ಕಂಡೆ.

ಜೊತೆಗೆ ಬಾ ಎಂದು ನನ್ನನ್ನು ಕರೆದ. ನನ್ನಿಂದ ಅವನಿಗೂ, ಅವನಿಂದ ನನಗೂ ಆಗಬೇಕಾದ ಕೆಲಸವೇನೂ ಇರಲಿಲ್ಲವಲ್ಲ, ಅದಕ್ಕೇ ಇರಬೇಕು. ದಾರಿಯುದ್ದಕ್ಕೂ ಬಿರುಸಾಗಿ ನಡೆದವನು ಆಸ್ಪತ್ರೆಯ ಗೇಟಿನಲ್ಲಿ ನಿಂತುಬಿಟ್ಟ. ನೀನು ಒಳಗೆ ಹೋಗಿ ನೋಡಿ ಬಾ, ನಾನು ಇಲ್ಲೇ ಇರುತ್ತೇನೆ ಎಂದ. ಏನಾಯಿತೋ ಎಂದೆ.

"ಸುಳ್ಳು ಹೇಳಲ್ಲ ಕಣೋ. ಹೆಣ್ಣು ಅಂದಾಗ ಸ್ವಲ್ಪ ಬೇಜಾರಾಯ್ತು. ಅವಳು ನನ್ನ ಮುಖ ನೋಡಿದ್ರೆ ಕಂಡುಹಿಡೀತಾಳೆ."

ನಾನು ಬುದ್ಧಿ ಹೇಳಲು ಹೋಗಲಿಲ್ಲ. ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದೆ.

ಮಗಳು ದಿಂಬಿಗೊರಗಿ ಎಚ್ಚರವಾಗಿದ್ದಳು. ಅವಳ ಅಮ್ಮ ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದಳು. ಅಪ್ಪನನ್ನು ಕಂಡ ಕೂಡಲೇ, ಅಂಗಡಿ ಏನಾಯ್ತು ಎಂದಳು ಮಗಳು. ಮುಚ್ಚಿದೆ ಎಂದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅಲ್ಲಿದ್ದ ಬೇಜಾರು ಅವಳಿಗೆ ಕಂಡಿರಲೇಬೇಕು. ಬರಬೇಡವೆಂದರೂ ಬಂದದ್ದೂ ಕಂಡಿರಬೇಕು. ಅಮ್ಮನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು.

ಮಗು ಅವನ ಕೈಗೆ ಬಂತು. ನಮ್ಮ ಬೀದಿಯ ಅಷ್ಟೂ ತಲೆಗಳನ್ನು ಓರೆ ಮಾಡಿ, ಬಾಗಿಸಿ, ನೆಟ್ಟಗೆ ಮಾಡಿದ ಕೈಗೆ ಈ ಒಂದು ತಲೆ ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ಅದು ಅತ್ತ ವಾಲಿತು, ಇತ್ತ ವಾಲಿತು.

"ಕತ್ತಿನ ಕೆಳಗೆ ಕೈ ಕೊಡಪ್ಪ" ಎಂದಳು ಮಗಳು. "ಮೂರು ಮಕ್ಕಳ ತಂದೆ, ಇಷ್ಟೂ ಗೊತ್ತಿಲ್ವಾ?"

"ಗೊತ್ತಿಲ್ಲ. ನಿಮ್ಮನ್ನೆಲ್ಲ ನಾನು ಎತ್ಕೊಂಡಿದ್ದು ಕತ್ತು ನಿಂತ ಮೇಲೆ."

ಅಮ್ಮ ಕಿಟಕಿಯ ಕಡೆ ತಿರುಗಿದಳು. ಮಗಳು ನೋವು ತಡೆದುಕೊಂಡು ಮುಂದಕ್ಕೆ ಬಾಗಿ, ಅವನ ಮೊಣಕೈಯನ್ನು ತಾನೇ ಮೇಲಕ್ಕೆತ್ತಿ ಸರಿಮಾಡಿದಳು.

"ಹೀಗೆ" ಎಂದಳು. "ಹೆದರಬೇಡ, ಬೀಳಲ್ಲ."