ಎಡಗೈ ಮಚ್ಚು

ಮೊನ್ನೆ ಕಡೂರಿನ ಅಂಗಡಿ ಬೀದಿಯಲ್ಲಿ ಓಲೆ ರಿಪೇರಿಗೆ ಕೊಟ್ಟು ಕುಳಿತಿದ್ದೆ. ಅಕ್ಕಸಾಲಿ ಅರಗಿನ ಚೂರೊಂದನ್ನು ಬೆಂಕಿಗೆ ಹಿಡಿದ. ಅದು ಕರಗಿ ಹೊಗೆಯೆದ್ದು ವಾಸನೆ ಮೂಗಿಗೆ ಬಂತು. ನಮ್ಮೂರಿನ ಕಮ್ಮಾರ ಆಚಾರ್ರು ಮಚ್ಚಿಗೆ ಹಿಡಿ ಕೂರಿಸುವಾಗ ಕುಲುಮೆಯಲ್ಲಿ ಬರುತ್ತಿದ್ದ ವಾಸನೆ ಅದು. ಅವರು ಹೋಗಿ ಎಷ್ಟು ವರ್ಷವಾಯಿತೋ... ನೆನೆಯುವ ಮುಖವೂ ನನಗಿಲ್ಲ.

ನಮ್ಮೂರು ಅಜ್ಜಂಪುರಕ್ಕೆ ಎರಡು ಮೈಲಿ. ನಾನು ಹುಟ್ಟಾ ಎಡಚಿ. ಉಣ್ಣುವುದಕ್ಕೆ ಅವ್ವ ಹೊಡೆದು ಬಡಿದು ಬಲಗೈ ರೂಢಿ ಮಾಡಿಸಿದ್ದಳು. ಕೆಲಸಕ್ಕೆ ಕೂತರೆ ಮಾತ್ರ ಎಡಗೈಯೇ ಮುಂದೆ ಬರುತ್ತಿತ್ತು. ಎಡವಟ್ಟು ಎಂಬ ಮಾತು ನನಗಾಗಿಯೇ ಹುಟ್ಟಿತೇನೋ ಅನ್ನುವ ಹಾಗೆ ಮನೆಯವರೆಲ್ಲ ಅದನ್ನೇ ನನ್ನ ಹೆಸರು ಮಾಡಿಟ್ಟಿದ್ದರು. ದನಗಳಿಗೆ ಜೋಳದ ಸಪ್ಪೆ ಕಡಿಯುವುದು ದಿನಾ ನನ್ನ ಪಾಲಿನ ಕೆಲಸ. ಮನೆಯ ದೊಡ್ಡ ಮಚ್ಚು ನನ್ನ ಕೈಯಲ್ಲಿ ಕಡಿಯುವುದಕ್ಕಿಂತ ಜಾರುವುದೇ ಹೆಚ್ಚು. ಒಂದು ದಿನ ಹಾಗೇ ಜಾರಿ ಎಡಗಾಲಿನ ಮೀನಖಂಡಕ್ಕೆ ಬಿತ್ತು. ಎಪ್ಪತ್ತರ ದಶಕದ ಕೊನೆಯಿರಬೇಕು, ನನಗೆ ಹದಿನೆಂಟೋ ಹತ್ತೊಂಬತ್ತೋ.

ಗಾಯ ಮಾಯ್ದ ಮೇಲೆ ಆ ಮಚ್ಚನ್ನು ಸಾಣೆ ಹಿಡಿಸಲು ಕುಲುಮೆಗೆ ಒಯ್ದೆ. ಆಚಾರ್ರು ನನ್ನ ಕಾಲು ನೋಡಿದರು, ಒಂದು ಕಟ್ಟಿಗೆ ಕೊಟ್ಟು "ಕಡಿ ನೋಡಾನ" ಅಂದರು. ಎರಡೇಟು ಹಾಕುವಷ್ಟರಲ್ಲಿ ಮಚ್ಚು ಕಿತ್ತುಕೊಂಡು ನಕ್ಕರು.

"ತಪ್ಪು ನಿನ್ ಕೈದಲ್ಲ ಕಣವ್ವಾ, ಅಲಗಿಂದು. ಇದು ಬಲಗೈಯೋರ ಮಚ್ಚು. ನಿಂಗೆ ಮಗ್ಗುಲು ತಿರುಗ್ಸಿ ಮಾಡ್ಬೇಕು, ಅಷ್ಟೇಯ."

ನಮ್ಮ ಕಡೆಯ ಮಚ್ಚಿನ ಅಲಗು ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಇಳಿಜಾರು. ಆ ಇಳಿಜಾರು ಬಲಕ್ಕಿದ್ದರೆ ಎಡಗೈಯವರ ಏಟು ಎಡಕ್ಕೆ, ಕಾಲಿನ ಕಡೆಗೆ ಜಾರುತ್ತದೆ. ಇಷ್ಟು ಸಣ್ಣ ವಿಷಯ. ಇದನ್ನು ಹೇಳುವವರೊಬ್ಬರು ಸಿಗುವವರೆಗೆ ನನ್ನ ಕೈಯೇ ಕೆಟ್ಟದ್ದು ಎಂದು ನಾನೂ ನಂಬಿದ್ದೆ. ಅವತ್ತು ಅವರ ಮುಂದೆಯೇ ಅತ್ತುಬಿಟ್ಟೆ.

ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ನನಗೆಂದೇ ಹೊಸ ಮಚ್ಚು ತಟ್ಟಿದರು. ಇಳಿಜಾರನ್ನು ಎಡಕ್ಕೆ ತೆಗೆದರು. ಕೆರೆಯ ಜೇಡಿಮಣ್ಣಿನ ಉಂಡೆ ಕೊಟ್ಟು ಗಟ್ಟಿಯಾಗಿ ಹಿಸುಕು ಅಂದರು. ಆ ಉಂಡೆಯನ್ನು ಪಕ್ಕದಲ್ಲಿಟ್ಟುಕೊಂಡು, ನನ್ನ ಒಂದೊಂದು ಬೆರಳಿಗೂ ಜಾಲಿ ಮರದ ಹಿಡಿಯಲ್ಲಿ ಅರದಿಂದ ತಗ್ಗು ತೆಗೆದರು. ಕೊನೆಗೆ ತೂತಿಗೆ ಅರಗು ಸುರಿದು ಅಲಗು ಕೂರಿಸಿ, "ಆರೋಗಂಟ ನೀನೇ ಹಿಡ್ಕಂಡಿರು" ಅಂದರು. ಹಿಡಿ ಬೆಚ್ಚಗಿತ್ತು. ಮರುದಿನ ನಾನು ಸಪ್ಪೆ ಕಡಿದ ರೀತಿಗೆ ಅವ್ವ ಮೂಗಿನ ಮೇಲೆ ಬೆರಳಿಟ್ಟಳು.

ಆ ವರ್ಷವೇ ಲಿಂಗದಹಳ್ಳಿ ಕಡೆಯಿಂದ ಸಂಬಂಧ ಬಂತು. ಹುಡುಗನನ್ನು ದೂರದಿಂದ ನೋಡಿದ್ದೆ, ಮನಸ್ಸಿಗೆ ಬಂದಿದ್ದ. ಹೆಣ್ಣಿನ ವಿಚಾರ ಯಾರೂ ಹೆಣ್ಣಿನ ಮನೆಯಲ್ಲಿ ಕೇಳುವುದಿಲ್ಲ, ಕುಲುಮೆಯಲ್ಲೋ ಕಿರಾಣಿ ಅಂಗಡಿಯಲ್ಲೋ ಕೂತು ಕೇಳುತ್ತಾರೆ. ಹುಡುಗನ ತಂದೆಯೂ ಎತ್ತಿಗೆ ಲಾಳ ಬೇಕೆಂಬ ನೆಪ ಮಾಡಿಕೊಂಡು ಕುಲುಮೆಗೆ ಹೋದರು. ಆಚಾರ್ರು ಎದೆಯುಬ್ಬಿಸಿ ಹೇಳಿದರಂತೆ: "ಆ ಹುಡ್ಗೀದು ಎಡಗೈ, ಸ್ವಾಮಿ. ಅವ್ಳ ಕೈಗಂತ್ಲೇ ಮಚ್ಚು ತಟ್ಟಿಕೊಟ್ಟೀನಿ. ಅವ್ಳು ಸಪ್ಪೆ ಕಡಿಯಾದ್ನ ನೀವು ನೋಡ್ಬೇಕು!" ಅದು ಮುಚ್ಚಿಡುವ ಮಾತೆಂದು ಅವರಿಗೆ ಹೊಳೆಯಲೇ ಇಲ್ಲ.

ಹುಡುಗನ ತಂದೆ ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದು ವಿಷಯ ತೆಗೆದರು. ಅಪ್ಪನ ಮುಖ ಕಪ್ಪಿಟ್ಟಿತು. "ಯಾರೋ ಆಗದೋರು ಹೇಳಿರ್ತಾರೆ ಬುಡಿ" ಅಂದ. ಅವರು ನನ್ನನ್ನೇ ಕರೆದು ಮೆತ್ತಗೆ ಕೇಳಿದರು: "ಎಡಗೈಯೇನವ್ವಾ ನಿಂದು? ಕುಲುಮೆ ಆಚಾರ್ರು ಹಂಗಂದ್ರು. ಇದ್ದಂಗೆ ಹೇಳು."

ನಾನು ಅಪ್ಪನ ಮುಖ ನೋಡಿದೆ. "ಇಲ್ಲ, ಬಲಗೈನೇ" ಅಂದೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಎಲುಬಿಲ್ಲದ ನಾಲಿಗೆ ಇನ್ನೊಂದು ಮಾತನ್ನೂ ಸೇರಿಸಿತು: "ಆಚಾರ್ರಿಗೆ ವಯಸ್ಸಾಯ್ತು, ಏನೇನೋ ಹೇಳ್ತಾರೆ."

ಅವ್ವ ಕೊಟ್ಟ ಹಾಲು ಕುಡಿದು ಅವರು ಎದ್ದು ಹೋದರು. ವಾರದೊಳಗೆ ಬೇಡವೆಂದು ಹೇಳಿ ಕಳಿಸಿದರು.

ಆಚಾರಿ ಬಾಯಿ ಹರಿಬಿಟ್ಟು ಮನೆ ಕೆಡಿಸಿದ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ನಾನು ಮಚ್ಚು ತೆಗೆದುಕೊಂಡು ಹೋಗಿ ಅವರ ಕಾಲ ಬಳಿ ಎಸೆದೆ. "ನನ್ ಬಾಳು ಹಾಳ್ಮಾಡಿದ್ರಿ. ನಿಮ್ ಕೈ ಸೇದ್ಹೋಗ! ಇದನ್ನ ಎಲ್ಲಾರ ಮಚ್ಚಿನಂಗೆ ಮಾಡ್ಕೊಡಿ."

"ಒಳ್ಳೇದನ್ನೇ ಹೇಳ್ದೆ ಕಣವ್ವಾ ನಾನು..." ಅಂದರು. ಎಡದ ಇಳಿಜಾರನ್ನು ಅರದಿಂದ ಉಜ್ಜಿ ಉಜ್ಜಿ ಕಳೆದರು, ಬಲಕ್ಕೆ ಹೊಸದು ತೆಗೆದರು. ನನ್ನ ಬೆರಳಿನ ತಗ್ಗುಗಳನ್ನೂ ಹೆರೆದು ಸಮ ಮಾಡಿದರು. ಅಷ್ಟು ಹೊತ್ತೂ ನಾನು ಕಲ್ಲಿನ ಹಾಗೆ ನಿಂತು ನೋಡಿದೆ. ಅಪ್ಪ ಆ ಕುಲುಮೆಗೆ ಹೋಗುವುದನ್ನು ಬಿಟ್ಟ, ನಮ್ಮ ನೆಂಟರಿಷ್ಟರೂ ಬಿಟ್ಟರು. ಎರಡು ವರ್ಷದಲ್ಲಿ ಆಚಾರ್ರು ಊರು ಬಿಟ್ಟು ಕಡೂರಿಗೆ, ಮಗಳ ಮನೆಗೆ ಹೋದರು.

ನನ್ನನ್ನು ದೇವನೂರಿಗೆ ಎರಡನೇ ಸಂಬಂಧಕ್ಕೆ ಕೊಟ್ಟರು. ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸಂಸಾರ ಮಾಡಿದೆ. ಎಂಬತ್ತರ ದಶಕದ ನಡುವೆ ಒಮ್ಮೆ ತರೀಕೆರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತೌರೂರು, ಅಪ್ಪನ ಹೆಸರು ಕೇಳಿ ಗುರುತು ಹಿಡಿದಳು. ಅವಳು ಆ ಲಿಂಗದಹಳ್ಳಿ ಮನೆಯ ಹಿರಿಸೊಸೆ.

"ಎಡಗೈ ಆದ್ರೇನು, ಕೆಲ್ಸಗಾತಿ ಅಂತ ನಮ್ ಮಾವ ಖುಷಿಯಾಗೇ ನಿಮ್ಮನೆಗೆ ಬಂದಿದ್ರು ಕಣ್ರೀ" ಅಂದಳು. "ಮುಖ ನೋಡ್ಕಂಡು ಸುಳ್ಳು ಹೇಳ್ಬಿಟ್ಲು, ಪಾಪ ಆ ಮುದುಕುನ್ ಮೇಲೆ ಹಾಕ್ಬಿಟ್ಲು ಅಂತ ಬೇಜಾರ್ಮಾಡ್ಕಂಡು ಸಂಬಂಧ ಬಿಟ್ರು."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನ್ನ ಬಾಳು ಕೆಡಿಸಿದ್ದು ನನ್ನ ನಾಲಿಗೆಯೇ. ಶಾಪ ಹಾಕಿದ್ದು ಮಾತ್ರ ಆಚಾರ್ರಿಗೆ.

ಮರುವಾರವೇ ಕಡೂರಿನಲ್ಲಿ ಆಚಾರ್ರ ಮಗಳ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಬಾಗಿಲಲ್ಲಿ ನಿಂತ ಮಗಳು ಹೇಳಿದಳು: "ಅಜ್ಜಂಪುರದ ಕಡೆಯೋರು ಯಾರು ಸಿಕ್ರೂ, ಆ ಎಡಗೈ ಹುಡ್ಗಿಗೆ ಮದ್ವೆಯಾಯ್ತಾ ಅಂತ ಕೇಳೋರು. ನೀವ್ಯಾರು ಗೊತ್ತಾಗ್ಲಿಲ್ಲ?"

"ಅದೇ ಊರೋಳು" ಅಂದೆ. ಅಷ್ಟೇ ಅಂದೆ. ಅಲ್ಲಿಯೂ ನಿಜ ಹೇಳಲು ಬಾಯಿ ಬರಲಿಲ್ಲ... ಕೊಟ್ಟ ನೀರನ್ನೂ ಕುಡಿಯದೆ ಬಂದೆ.

ಅಕ್ಕಸಾಲಿ ಓಲೆ ಮುಗಿಸಿ ನೀಡಿದ. ಯೋಚನೆಯಲ್ಲಿ ಮೈಮರೆತು ನಾನು ಎಡಗೈ ಚಾಚಿದ್ದೆ.

"ಎಡಗೈಯೇನಮ್ಮಾ ನಿಮ್ದು?" ಅಂದ.

"ಹೂಂ ಕಣಪ್ಪಾ, ಎಡಗೈನೇ" ಅಂದೆ.

ಅವನು ತಲೆ ಎತ್ತಲೂ ಇಲ್ಲ, ಓಲೆಯನ್ನು ಆ ಕೈಗೇ ಹಾಕಿ ಮುಂದಿನವರ ಸರ ಎತ್ತಿಕೊಂಡ. ಅವನಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಆಚಾರ್ರಿಗೂ ಆಗಿರಲಿಲ್ಲ.